ತೊವ್ವೆಯಿಲ್ಲದ ಭಾವುಬೀಜ

ರೇಶನ್ ಅಂಗಡಿಯಲ್ಲಿ ಈ ವಾರವೂ ತೊಗರಿಬೇಳೆ ಇಲ್ಲವಂತೆ. ನಮ್ಮ ಚಾಮರಾಜಪೇಟೆಯ ಹೆಂಗಸರು ಬೆಳಗಿನಿಂದ ಕಾಂಪೌಂಡಿನ ಮೇಲೆ ಮೊಣಕೈ ಊರಿ ಇದೇ ಗೋಳು ತೋಡಿಕೊಳ್ಳುತ್ತಿದ್ದಾರೆ. ಎದುರುಮನೆಯಾಕೆ ನನ್ನಲ್ಲಿಗೇ ಬಂದು, "ಬೇಳೆಯಿಲ್ಲದೆ ನಾಲ್ಕು ಜನಕ್ಕೆ ಏನಂತ ಬೇಯಿಸಿ ಹಾಕಲಿ, ನೀವೇ ಹೇಳಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ನಿಜ. ಆದರೆ ಬೇಳೆ ಇಲ್ಲ ಎಂದ ಕೂಡಲೇ ನನಗೆ ಪುಣೆಯಲ್ಲಿದ್ದ ನಮ್ಮ ಅತ್ತೆಮನೆಯ ಪಡಸಾಲೆ ನೆನಪಾಗುತ್ತದೆ. ಅಲ್ಲಿ ಎಲೆಯ ಮುಂದೆ ಕೈ ಮಡಿಸಿಕೊಂಡು ಕೂತ ಹನ್ನೆರಡು ಗಂಡಸರು ಕಣ್ಣ ಮುಂದೆ ಬರುತ್ತಾರೆ. ಇಪ್ಪತ್ತೆರಡು ಜನಕ್ಕೆ ಒಂದು ಕಾಳು ಬೇಳೆ ಮುಟ್ಟದೆ ಹಬ್ಬದ ಅಡುಗೆ ಮಾಡಿ ಬಡಿಸಿದವಳು ನಾನು. ಅದನ್ನು ಎದುರುಮನೆಯಾಕೆಗೆ ಹೇಳಲು ಬಾಯಿ ತೆರೆದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಅವರು ಓಡಿದರು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನನಗೆ ಅಡುಗೆ ಚೆನ್ನಾಗಿ ಬರುತ್ತದೆ. ಇದನ್ನು ವಿನಯದಿಂದ ಹೇಳುವ ದಾರಿ ಇದ್ದರೆ ನನಗೆ ಗೊತ್ತಿಲ್ಲ. ಹಾಡಲು ಬಾರದು, ಹಸೆಗೆ ಕೂತ ಮದುಮಕ್ಕಳು ನನ್ನ ಹಾಡು ಕೇಳಿ ತಲೆ ತಗ್ಗಿಸಿದ್ದುಂಟು. ನನ್ನ ಕೈಬರಹವನ್ನು ಓದಬಲ್ಲವರು ನಮ್ಮ ಮನೆಯಲ್ಲಿ ನಾನೊಬ್ಬಳೇ, ನಾನೂ ಮರುದಿನ ಓದಲಾರೆ. ಆದರೆ ಒಲೆಯ ಮುಂದೆ ನಿಂತರೆ ಮಾತೇ ಬೇರೆ. ನಂಜನಗೂಡಿನ ನಮ್ಮ ತೌರಿನಲ್ಲಿ ದೇವರ ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿರಲಿಲ್ಲ. ಉಪ್ಪು ಕಣ್ಣಳತೆ, ಹುಳಿ ಮೂಗಿನಳತೆ. ಹದಿಮೂರನೆಯ ವಯಸ್ಸಿಗೇ ನಾನು ಕುದಿಯುವ ಸಾರಿನ ಮೇಲೆ ಬಗ್ಗಿ, ಒಂದು ಸಲ ಉಸಿರೆಳೆದು, ಇನ್ನೆಷ್ಟು ಉಪ್ಪು ಬೇಕು ಎಂದು ಹೇಳುತ್ತಿದ್ದೆ. ನಮ್ಮಮ್ಮ ಬಂದವರಿಗೆಲ್ಲ ಇದನ್ನು ತೋರಿಸುತ್ತಿದ್ದಳು. ನನಗೆ ಜಂಬ ಬಂದಿದ್ದರೆ ಅದರಲ್ಲಿ ಅರ್ಧ ಅವಳದು.

ಇಂಥ ನನ್ನನ್ನು ಪುಣೆಯವರಿಗೆ ಕೊಟ್ಟರು. ನಮ್ಮವರ ತಾತನ ಕಾಲದಲ್ಲಿ ಬಾಗಲಕೋಟೆಯಿಂದ ಅಲ್ಲಿಗೆ ಹೋಗಿ ನೆಲೆ ನಿಂತ ಮನೆತನ. ಮಾವನವರು ದಂಡಿನ ಕಚೇರಿಯಲ್ಲಿ ಕಾರಕೂನರು. ಹೊಸ್ತಿಲ ಹೊರಗೆ ಮರಾಠಿ, ಒಳಗೆ ಗಟ್ಟಿ ಬಡಗಣ ಕನ್ನಡ. ನಮ್ಮವರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದರು, ಹೀಗಾಗಿ ಸಂಬಂಧ ಕೂಡಿತು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರಲ್ಲಿ ಉಂಗುರದಿಂದ 'ಇಂದಿರಾ' ಎಂದು ಬರೆದು, ಇನ್ನು ಮೇಲೆ ಇದೇ ನಿನ್ನ ಹೆಸರು ಎಂದರು. ಅದು ಅವರ ಕಡೆಯ ಪದ್ಧತಿ. ಹುಟ್ಟಿದಾಗಿನಿಂದ ಪದ್ದು ಎಂದರೆ ಓಡಿ ಬರುತ್ತಿದ್ದ ನನಗೆ ಇಂದಿರಾ ಎಂದು ಯಾರಾದರೂ ಕರೆದರೆ, ಪಾಪ, ಆ ಹುಡುಗಿ ಎಲ್ಲಿದ್ದಾಳೋ ಎಂದು ನಾನೂ ಸುತ್ತ ನೋಡುತ್ತಿದ್ದೆ.

ಅತ್ತೆಯವರಿಗೆ ಈ ಸಂಬಂಧ ಅಷ್ಟಾಗಿ ಇಷ್ಟವಿರಲಿಲ್ಲ. "ಮೈಸೂರ ಕಡೀ ಹುಡುಗಿ. ಅನ್ನಾ ಬಸಿಯೂದು ಬಿಟ್ಟು ಬ್ಯಾರೆ ಏನು ಬರತದ ಆಕಿಗೆ" ಎಂದು ಮದುವೆಯ ಮನೆಯಲ್ಲೇ ಯಾರ ಹತ್ತಿರವೋ ಅಂದಿದ್ದರು. ಅಂಥ ಮಾತು ಕಾಲು ಮುರಿದು ಬಿದ್ದಿದ್ದರೂ ತೆವಳಿಕೊಂಡು ಬಂದು ನಮ್ಮ ಕಿವಿ ಸೇರುತ್ತದೆ. ಹಾಡು ಬಾರದು ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಅಡುಗೆ ಬಾರದು ಎಂದರು. ಆ ಮಾತನ್ನು ನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡಿದ್ದೆ. ಒಂದು ದಿನ ಅವರ ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡಬೇಕು, ಅವರು ಎಲೆಯ ಮುಂದೆ ಕೂತು ಉಣ್ಣಬೇಕು, ನಾನು ಅವರ ಮುಖ ನೋಡಬೇಕು. ನನಗೆ ಬೇರೆ ಆಸೆಗಳೂ ಇದ್ದವು, ಆದರೆ ಇದು ಮೊದಲನೆಯದು.

ನಾಲ್ಕನೆಯ ವರ್ಷದ ದೀಪಾವಳಿಗೆ ಅವಕಾಶ ಬಂತು. ಆ ಹಬ್ಬಕ್ಕೆ ನಾನು ಪುಣೆಗೆ ಹೋದದ್ದು ಅದೇ ಮೊದಲು. ರಜ ಸಿಕ್ಕಿದ್ದು ತಡವಾದ್ದರಿಂದ ಪಾಡ್ಯದ ಸಂಜೆಗೆ ಪುಣೆ ಮುಟ್ಟುವ ಹಾಗೆ ಹೊರಟೆವು. ಮಹಾರಾಜರ ಸೀಮೆ ದಾಟಿದ್ದೆಲ್ಲ ನಮ್ಮಮ್ಮನ ಪಾಲಿಗೆ ಪರದೇಶ. ಅಲ್ಲಿ ತೆಂಗಿನಕಾಯಿ ನಿಂಬೆಹಣ್ಣಿನಷ್ಟೇ ಇರುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಹದಿನೈದು ತೆಂಗಿನಕಾಯಿ ಗೋಣಿಯಲ್ಲಿ ಕಟ್ಟಿ ಕಳಿಸಿದಳು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸುವಾಗ ನಮ್ಮವರು ಅದನ್ನು ಹೆಗಲ ಮೇಲೆ ಹೊತ್ತು, "ಪುಣಾದಾಗ ಮಂದಿ ಕಾಯಿ ಕಂಡೇ ಇಲ್ಲ ಅಂತ ತಿಳಕೊಂಡೀಯೇನು?" ಎಂದು ಕೇಳಿದರು. ನಾನು ನೀರಿನ ತಂಬಿಗೆ ಎತ್ತಿಕೊಂಡು ಹಿಂದೆ ನಡೆದೆ. ಹೊತ್ತವರು ಸ್ವಲ್ಪ ಬೈದರೆ ಭಾರ ಕಡಿಮೆಯಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಸದಾಶಿವ ಪೇಟೆಯಲ್ಲಿ ಹಲವು ಬಿಡಾರಗಳಿದ್ದ ದೊಡ್ಡ ವಾಡೆಯ ಮುಂದೆ ಟಾಂಗಾದಿಂದ ಇಳಿದೆವು. ಮರುದಿನ ಭಾವುಬೀಜ, ಅಂದರೆ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ದಿನ. ಮಾವನವರ ಅಕ್ಕ ಅಂಬಕ್ಕ ಸಾತಾರೆಯಿಂದ ಆಗಲೇ ಬಂದಿದ್ದರು. ಬೆಳಗಾದರೆ ನಾದಿನಿಯರು, ಅವರ ಗಂಡಂದಿರು, ಮಕ್ಕಳು, ಮಾಳಿಗೆಯ ಬಿಡಾರದ ಲೇಲೆಕಾಕಾ, ಎಲ್ಲ ಸೇರಿ ಇಪ್ಪತ್ತೆರಡು ಎಲೆ. ಲೇಲೆಕಾಕಾ ಮಾವನವರ ಕಚೇರಿಯ ಗೆಳೆಯರು. ಅವರಿಗೆ ಒಡಹುಟ್ಟಿದವರಿರಲಿಲ್ಲ, ಅದಕ್ಕೆ ಪ್ರತಿ ವರ್ಷ ಅಂಬಕ್ಕ ಅವರಿಗೂ ಆರತಿ ಎತ್ತುತ್ತಿದ್ದರು. ಇಷ್ಟು ಜನಕ್ಕೆ ಅಡುಗೆ ಮಾಡಬೇಕಾದ ಅತ್ತೆಯವರ ಎಡ ಮುಂಗೈ ಅಂದು ಮಧ್ಯಾಹ್ನ ನೀರಿನ ಕೊಡ ಎತ್ತುವಾಗ ಉಳುಕಿತ್ತು, ಅವರು ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಖಾನಾವಳಿಯವರಿಗೆ ಹೇಳೂಣೇನು?" ಎಂದು ಮಾವನವರು ಕೇಳಿದ್ದೇ ತಡ, ನಾನು ಕಾಲು ತೊಳೆದ ನೀರು ಇನ್ನೂ ಆರಿರಲಿಲ್ಲ, "ನಾನು ಮಾಡ್ತೀನಿ" ಎಂದೆ.

ಅತ್ತೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಪ್ಪತ್ತೆರಡ ಮಂದಿ. ಒಬ್ಬಾಕಿಗೆ ಆಗತದೇನು?"

"ಆಗುತ್ತೆ."

"ಹಂಗಾರ ಮಾಡು" ಎಂದರು. ಏನು ಮಾಡು, ಹೇಗೆ ಮಾಡು ಎಂದು ಒಂದು ಮಾತಿಲ್ಲ. ಪರೀಕ್ಷೆ ಎಂದರೆ ಹೀಗಿರಬೇಕು ಎಂದು ನನಗೆ ಖುಷಿಯೇ ಆಯಿತು.

ಅಂದು ರಾತ್ರಿಯ ಫಲಾಹಾರಕ್ಕೆ ಮೊಸರವಲಕ್ಕಿ ಕೊಟ್ಟರು. ಪಕ್ಕದಲ್ಲಿ ಒಂದು ತಟ್ಟೆ ತುಂಬ ಕಡಲೆಹಿಟ್ಟಿನ ಲಾಡು. ನಾನು ಮುಟ್ಟಲಿಲ್ಲ. ನೆರೆಯ ಮರಾಠಿ ಬಿಡಾರದವರು ಹಬ್ಬಕ್ಕೆ ಕಳಿಸಿದ್ದು ಎಂದುಕೊಂಡೆ. ಅತ್ತೆಯವರೂ ಮುಟ್ಟಲಿಲ್ಲ, ಅದನ್ನು ಗಮನಿಸಿದೆ. ಮುಟ್ಟದೆ ಇರುವುದು ಸರಿಯೇ, ನಮಗೆ ಅದು ಬೇಳೆ ತಿನ್ನದ ತಿಂಗಳು.

ಇದು ಮಾಧ್ವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ದೇವರು ಮಲಗಿರುತ್ತಾನೆ. ಆಗ ನಮ್ಮಲ್ಲಿ ಮೊದಲ ತಿಂಗಳು ತರಕಾರಿ ಬಿಡುತ್ತಾರೆ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು. ನಾಲ್ಕನೆಯದು ದ್ವಿದಳ: ಒಡೆದರೆ ಎರಡು ಹೋಳಾಗುವ ಕಾಳು ಯಾವುದೂ ಕೂಡದು. ನಮ್ಮಜ್ಜಿ ಇದನ್ನು ಬಲು ಕಟ್ಟುನಿಟ್ಟಾಗಿ ಹಿಡಿದವಳು. ಸಾಸಿವೆಯನ್ನೂ ಒಂದು ಸಲ ಉಗುರಿನಲ್ಲಿ ಒತ್ತಿ ನೋಡಿ, ಎರಡಾಯಿತು ಎಂದು ಒಗ್ಗರಣೆಯಿಂದ ತೆಗೆದುಹಾಕಿದಳು. ಬೀಜ ಕಿಕ್ಕಿರಿದ ಬದನೆ, ಮೆಣಸಿನಕಾಯಿಯೂ ಹೋದವು. ನಮಗೆ ಮಕ್ಕಳಿಗೆ ಪಂಚಾಂಗವೇ ಬೇಕಿರಲಿಲ್ಲ. ಎಲೆ ನೋಡಿದರೆ ಯಾವ ತಿಂಗಳು ಎಂದು ತಿಳಿಯುತ್ತಿತ್ತು. ಒಮ್ಮೆ ಈ ನಾಲ್ಕನೆಯ ತಿಂಗಳಲ್ಲಿ ನಾನು ಗೆಳತಿಯ ಮನೆಯಲ್ಲಿ ಒಂದು ಹಿಡಿ ಹುರಿಗಡಲೆ ತಿಂದು ಬಂದೆ. ಅಜ್ಜಿ ನನ್ನ ತುಟಿಯ ಪುಡಿ ನೋಡಿದಳು. "ದೇವರು ಮಲಗಿದ್ದಾನೆ, ಅವನಿಗೇನೂ ಗೊತ್ತಾಗಿಲ್ಲ. ನನಗೆ ಗೊತ್ತಾಯಿತಲ್ಲ, ಹೋಗಿ ಬಾಯಿ ಮುಕ್ಕಳಿಸು" ಎಂದಳು. ಅಂಥ ಮನೆಯಲ್ಲಿ ಬೆಳೆದವಳಿಗೆ ಈ ತಿಂಗಳಲ್ಲಿ ಮಾಧ್ವರ ಮನೆಯೊಂದರಲ್ಲಿ ಬೇಳೆ ಬೇಯುತ್ತದೆ ಎಂಬ ಯೋಚನೆ ಬರುವುದಾದರೂ ಹೇಗೆ.

ಬೆಳಗಿನ ನಾಲ್ಕಕ್ಕೆ ಎದ್ದು ತಣ್ಣೀರು ಸುರಿದುಕೊಂಡೆ. ಕಾರ್ತಿಕದ ಪುಣೆಯ ನೀರು ಮೈಮೇಲೆ ಬಿದ್ದರೆ ಹೊಸ ಹೆಸರು ಹಳೆ ಹೆಸರು ಎರಡೂ ಮರೆತುಹೋಗುತ್ತವೆ. ಮಡಿ ಸೀರೆ ಉಟ್ಟು ಒಲೆ ಹಚ್ಚಿದೆ. ಮಡಿಯಲ್ಲಿದ್ದವಳನ್ನು ಯಾರೂ ಮುಟ್ಟುವ ಹಾಗಿಲ್ಲ, ಒಳಗೆ ಕಾಲಿಡುವ ಹಾಗಿಲ್ಲ. ಅದರ ಮೇಲೆ ನಾನು, "ಅಡುಗೆ ಮುಗಿಯೋ ತನಕ ಯಾರೂ ಈ ಕಡೆ ಬರಬೇಡಿ" ಎಂದು ಬೇರೆ ಹೇಳಿದ್ದೆ. ಅತ್ತೆಯವರು ಮಾತ್ರ ಹೊಸ್ತಿಲ ಆಚೆ ಮಣೆ ಹಾಕಿಕೊಂಡು, ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಜಪಮಣಿ ತಿರುಗುತ್ತಿತ್ತು, ಕಣ್ಣು ನನ್ನ ಕೈಮೇಲಿತ್ತು. ನೋಡಲಿ ಎಂದು ನಾನೂ ಬಳೆ ಸ್ವಲ್ಪ ಹೆಚ್ಚಾಗಿಯೇ ಸದ್ದು ಮಾಡಿದೆ.

ನಮ್ಮವರು ಮಂಡಈ ಮಾರುಕಟ್ಟೆಗೆ ಹೋಗಿ ಸುವರ್ಣಗೆಡ್ಡೆ, ಗೆಣಸು, ಬಾಳೆಕಾಯಿ, ಅಲ್ಲಿ ಗಜ್ಜರಿ ಎನ್ನುವ ಕ್ಯಾರೆಟ್ಟು ತಂದಿಟ್ಟರು. ಬೇಳೆಯಿಲ್ಲದ ಅಡುಗೆಯಲ್ಲಿ ಬಡತನ ಕಾಣದ ಹಾಗೆ ಮಾಡುವುದೇ ಅಡುಗೆಯವಳ ಕೈ. ಕಡಲೆಬೇಳೆಯ ಬದಲು ನೆನೆಸಿದ ಅಕ್ಕಿ, ತೆಂಗಿನಕಾಯಿ ಅರೆದು ಸುವರ್ಣಗೆಡ್ಡೆಯ ಮಜ್ಜಿಗೆಹುಳಿ ಮಾಡಿದೆ. ಒಳ್ಳೆಮೆಣಸು, ಜೀರಿಗೆ ಕುಟ್ಟಿಹಾಕಿ ಆಮಸೋಲಿನ, ಅಂದರೆ ಪುನರ್ಪುಳಿಯ, ಸಾರು. ಬಾಳೆಕಾಯಿ ಪಲ್ಯ, ಗಜ್ಜರಿಯ ಪಚಡಿ, ಕರಿದ ಗೆಣಸಿನ ಬಿಲ್ಲೆ, ಶಾವಿಗೆ ಪಾಯಸ. ಹೂರಣದ ಹೋಳಿಗೆ ಬೇಳೆಯದಾದ್ದರಿಂದ ಆಗದು. ಅಮ್ಮನ ಗೋಣಿಯಲ್ಲಿ ಉಳಿದ ಕಾಯಿಯನ್ನೆಲ್ಲ ತುರಿದು, ಬೆಲ್ಲ ಹಾಕಿ ಗೊಟಾಯಿಸಿ, ಏಲಕ್ಕಿ ಹಾಕಿ ಕಾಯಿ ಹೋಳಿಗೆ ತಟ್ಟಿದೆ. ತುಪ್ಪಕ್ಕೆ ಕೈ ಹಿಡಿಯಲಿಲ್ಲ. ಕಪಾಟಿನಲ್ಲಿ ತೊಗರಿಬೇಳೆಯ ಡಬ್ಬಿ ಕಂಠದವರೆಗೆ ತುಂಬಿತ್ತು. ಮುಂದಿನ ತಿಂಗಳಿಗೆ ಈಗಲೇ ತುಂಬಿಸಿಟ್ಟಿದ್ದಾರೆ, ಎಂಥ ಅಚ್ಚುಕಟ್ಟು ಎಂದು ಅತ್ತೆಯವರನ್ನು ಮನಸ್ಸಿನಲ್ಲೇ ಹೊಗಳಿದೆ.

ಹನ್ನೆರಡಕ್ಕೆ ಆರತಿ ಮುಗಿಯಿತು. ಗಂಡಸರ ಪಂಕ್ತಿ ಕೂತಿತು. ಎಲೆಯ ಮೇಲೆ ಬಿಳಿ, ಹಳದಿ, ಕೆಂಪು, ಒಂದೊಂದೂ ಅದರದರ ಜಾಗದಲ್ಲಿ. ಅನ್ನ ಬಡಿಸಿದೆ, ತುಪ್ಪ ಬಡಿಸಿದೆ, ಹಿಂದೆ ಸರಿದು ನಿಂತೆ. ಯಾರೂ ಕೈ ಹಾಕಲಿಲ್ಲ. ಆಪೋಶನಕ್ಕೆ ನೀರೂ ತೆಗೆದುಕೊಳ್ಳಲಿಲ್ಲ. ಹನ್ನೆರಡು ಜನವೂ ಎಲೆ ನೋಡುತ್ತ ಕೂತಿದ್ದಾರೆ. ಎಲೆಯ ಅಂದಕ್ಕೆ ಬೆರಗಾಗಿ ಕೂತಿದ್ದಾರೆ ಎಂದು ನಾನು ತಿಳಿದೆ. ದೇವರಾಣೆಗೂ ಹಾಗೇ ತಿಳಿದೆ. ಸೆರಗು ಸರಿಮಾಡಿಕೊಂಡು ಇನ್ನೂ ನೆಟ್ಟಗೆ ನಿಂತೆ.

ಲೇಲೆಕಾಕಾ ಮೆಲ್ಲಗೆ, "ಸೂನಬಾಯಿ, ವರಣ ವಿಸರಲಾತ ಕಾಯ?" ಎಂದರು. ಪುಣೆಯ ಊಟದಲ್ಲಿ ಮೊದಲ ತುತ್ತು ವರಣದ್ದು, ನಮ್ಮ ತೊವ್ವೆ ಇದ್ದ ಹಾಗೆ. ಅದು ಅನ್ನದ ಮೇಲೆ ಬೀಳದೆ ಊಟ ಶುರುವಾಗುವುದಿಲ್ಲ. ಅದನ್ನು ಮರೆತೆಯೇನಮ್ಮ ಎಂದು ಕೇಳುತ್ತಿದ್ದಾರೆ.

"ಇಂದಿರಾ, ವರಣ ತಗೊಂಡ ಬಾ" ಎಂದರು ಮಾವನವರು.

"ತೊವ್ವೆ ಇಲ್ಲ ಮಾವ. ದ್ವಿದಳದ ತಿಂಗಳಲ್ಲವೇ?" ಎಂದೆ.

ಮಾವನವರು ನನ್ನನ್ನು ನೋಡಿದರು, ಎಲೆಯನ್ನು ನೋಡಿದರು, ಆಮೇಲೆ ಪಕ್ಕದ ಅಳಿಯಂದಿರನ್ನು ನೋಡಿದರು. "ನಮ್ಮ ಮನ್ಯಾಗ ಅದೆಲ್ಲಾ ಬಿಟ್ಟು ಇಪ್ಪತ್ತ ವರ್ಷಾತು. ನಮ್ಮವ್ವ ಹೋದ ಮ್ಯಾಲೆ ಯಾರೂ ಹಿಡದಿಲ್ಲ. ನಿನಗ ಹೇಳಿಲ್ಲೇನು ಯಾರೂ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಅದು ಸಿಟ್ಟಿಗಿಂತ ಕೆಟ್ಟದು.

ಹೇಳಬೇಕಾಗಿದ್ದವರು ನಮ್ಮವರು. ಅವರು ಗಜ್ಜರಿಯ ಪಚಡಿಯನ್ನು ಬಲು ಆಸ್ಥೆಯಿಂದ ನೋಡುತ್ತಿದ್ದರು. ಬೆಂಗಳೂರಿನಲ್ಲಿ ನಾಲ್ಕು ವರ್ಷವೂ ಈ ತಿಂಗಳು ನಾನು ಬೇಳೆ ಬಡಿಸಿರಲಿಲ್ಲ. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಆಮೇಲೆ ಕೇಳಿದಾಗ, "ನೀ ಹಾಕಿದ್ದ ಉಂಡೀನಿ, ಲಕ್ಷ್ಯ ಎಲ್ಲಿ ಇರತದ" ಎಂದರು.

ಒಳಬಾಗಿಲಲ್ಲಿ ನಿಂತಿದ್ದ ಅಂಬಕ್ಕ ಎಲ್ಲರಿಗೂ ಕೇಳುವ ಹಾಗೆ, "ಭಾವುಬೀಜದ ದಿನ ಬ್ಯಾಳಿ ಇಲ್ಲದ ಎಲಿ. ನಮ್ಮವ್ವ ಹೋದ ಮ್ಯಾಲೆ ನಾ ಕಂಡಿರಲಿಲ್ಲ" ಎಂದರು. ಅಳಿಯಂದಿರಲ್ಲಿ ಒಬ್ಬರು ಕೆಮ್ಮಿದರು. ಕೊನೆಗೆ ಲೇಲೆಕಾಕಾ, ತಮಗೆ ಹಸಿವಾಗಿದೆ, ಮಿಕ್ಕವರು ಬೇಕಾದರೆ ಕಾಯಲಿ ಎಂದು ಮರಾಠಿಯಲ್ಲಿ ಹೇಳಿ ಅಂಗೈಗೆ ನೀರು ಹಾಕಿಕೊಂಡರು. ಹಾಗೆ ಊಟ ಶುರುವಾಯಿತು. ಉಂಡರು, ಮರ್ಯಾದೆಗೆ ಉಂಡರು. ಹೋಳಿಗೆ ಬಾಯಿಗಿಟ್ಟು ಹೂರಣ ಹುಡುಕಿದರು, ಕಾಯಿ ಸಿಕ್ಕಿತು. ಚೆನ್ನಾಗಿದೆ ಎಂದು ಒಬ್ಬರಿಬ್ಬರು ಅಂದರೂ ಅದು ಸಮಾಧಾನದ ಮಾತು ಎಂದು ನನಗೆ ಗೊತ್ತಾಯಿತು.

ಅಡುಗೆಮನೆಗೆ ಬಂದು ಒಲೆಯ ಕಡೆ ಮುಖ ಮಾಡಿ ನಿಂತೆ. ಬಾಳಿನಲ್ಲಿ ನನ್ನ ಕೈಯ ಮೇಲಿನ ನಂಬಿಕೆ ಹೋದದ್ದು ಆ ಒಂದು ಗಳಿಗೆ ಮಾತ್ರ. ಉಪ್ಪು ಹುಳಿ ತಪ್ಪಿರಲಿಲ್ಲ, ಮನೆಯೇ ತಪ್ಪಿತ್ತು. ಮೈಸೂರ ಕಡೆಯ ಹುಡುಗಿಗೆ ಏನೂ ಬಾರದು ಎಂದು ಅತ್ತೆಯವರು ನಾಲ್ಕು ವರ್ಷದ ಹಿಂದೆ ಅಂದದ್ದನ್ನು ಇಪ್ಪತ್ತೆರಡು ಜನರ ಮುಂದೆ ನಾನೇ ಮಾಡಿ ತೋರಿಸಿದ್ದೆ. ಅಳು ಬಂತು. ಮಡಿಯಲ್ಲಿ ಅತ್ತರೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ ತಡೆದುಕೊಂಡೆ.

ಹೆಂಗಸರ ಪಂಕ್ತಿಗೆ ಎಲೆ ಹಾಕಿದರು. ಯಾವಾಗಲೂ ಬಡಿಸುತ್ತ ನಿಲ್ಲುತ್ತಿದ್ದ ಅತ್ತೆಯವರನ್ನು ಅಂದು ಕೈ ನೋವೆಂದು ನಾದಿನಿಯರು ಹಿಡಿದು ಕೂಡಿಸಿದರು. ನಾನು ಅವರ ಎಲೆಗೆ ಬಡಿಸುವಾಗ ಮುಖ ನೋಡಲಿಲ್ಲ. ನಾಲ್ಕು ವರ್ಷ ನೋಡಬೇಕೆಂದುಕೊಂಡಿದ್ದ ಮುಖ. ಅವರು ಅನ್ನಕ್ಕೆ ಮಜ್ಜಿಗೆಹುಳಿ ಕಲಸಿಕೊಂಡರು. ಸಾರು ಕೇಳಿದರು, ಹಾಕಿದೆ. ಪಲ್ಯ ಎರಡು ಸಲ ಹಾಕಿಸಿಕೊಂಡರು. ಹೋಳಿಗೆ ಒಂದು ಮುಗಿಯಿತು, ಎರಡು ಮುಗಿಯಿತು.

"ಇನ್ನೊಂದ ಹಾಕು. ತುಪ್ಪಾ ಮ್ಯಾಲೆ ಹಾಕು" ಎಂದರು.

ಅಂಬಕ್ಕ ತಮ್ಮ ಎಲೆ ಬಿಟ್ಟು ಅತ್ತೆಯವರ ಎಲೆಯನ್ನೇ ನೋಡುತ್ತಿದ್ದರು. "ಏನ ರಾಧಾ, ಯಾವ ದಿವಾಳಿಗೆ ಬಂದ್ರೂ ನೀ ಕಡೀಕ ಒಬ್ಬಾಕಿನ ಕೂತು ಮಸರನ್ನ ಉಣ್ಣಾಕಿ. ಹೊಟ್ಟಿ ಸೂಕ್ಷ್ಮ ಅಂತಿದ್ದಿ. ಇವತ್ತ ಹೊಟ್ಟಿಗೆ ಏನಾತು?"

"ಹೊಟ್ಟಿಗೆ ಏನೂ ಆಗಿಲ್ಲ" ಎಂದರು ಅತ್ತೆಯವರು. "ನಾ ದ್ವಿದಳ ಬಿಟ್ಟಿಲ್ಲ. ಅತ್ತಿಯವರು ಕಡೀ ಉಸುರಿನ್ಯಾಗ ಬಿಡಬ್ಯಾಡ ಅಂದಿದ್ರು. ಮನೀಗೆಲ್ಲಾ ಬ್ಯಾಳಿ ಮಾಡಿ ಹಾಕೀನಿ, ನಾ ಮಸರನ್ನ ಉಂಡೀನಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮಾವನವರ ಅಡಕೊತ್ತಿನ ಸದ್ದು ನಿಂತಿತು. ಅವರು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಇಪ್ಪತ್ತ ವರ್ಷ ಇದೇ ಮನ್ಯಾಗ?" ಎಂದರು. ಅತ್ತೆಯವರು ಹೂಂ ಎಂದರು. ಮಾವನವರು ತುಪ್ಪದ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಬಗ್ಗಿ, ಹೆಂಡತಿಯ ಎಲೆಯ ಮೇಲಿದ್ದ ಹೋಳಿಗೆಗೆ ತಾವೇ ಬಡಿಸಿದರು. ಆ ಕಾಲದಲ್ಲಿ, ಅಷ್ಟು ಹೆಂಗಸರ ಮುಂದೆ, ಅದು ಸಣ್ಣ ಸಂಗತಿಯಲ್ಲ. ನಾದಿನಿಯರು ನಗಲೂ ಇಲ್ಲ.

ಎಲ್ಲ ಮುಗಿದ ಮೇಲೆ ನನ್ನ ಎಲೆ ಹಾಕಿಕೊಂಡೆ. ಬಡಿಸಿದವಳು ಕೊನೆಗೆ ಒಬ್ಬಳೇ ಉಣ್ಣುವುದು ನನಗೂ ರೂಢಿಯೇ. ಅತ್ತೆಯವರು ಕೈ ತೊಳೆದು ಬಂದು ಎದುರಿಗೆ ಮಣೆ ಎಳೆದುಕೊಂಡು ಕೂತರು. ಒಂದೇ ಕೈಯಲ್ಲಿ ಅನ್ನ ಹಾಕಿದರು, ಮಜ್ಜಿಗೆಹುಳಿ ಹಾಕಿದರು, ಉಳಿದಿದ್ದ ಎರಡು ಹೋಳಿಗೆಯನ್ನೂ ನನ್ನ ಎಲೆಗೇ ಇಟ್ಟರು. ನಾನು ಅನ್ನ ಕಲಸುತ್ತಲೇ ಇದ್ದೆ.

"ಎಲ್ಲಾ ಕೆಡಿಸಿದೆ ಅತ್ತೆ. ಒಂದು ಮಾತು ನಿಮ್ಮನ್ನು ಕೇಳಬೇಕಾಗಿತ್ತು" ಎಂದೆ.

"ಏನೂ ಕೆಟ್ಟಿಲ್ಲ. ಉಣ್ಣು."

"ನೀವು ಹೊಸ್ತಿಲಲ್ಲೇ ಕೂತಿದ್ದಿರಿ. ಬೇಳೆ ಇಟ್ಟಿಲ್ಲ ಅಂತ ನಿಮಗೆ ಗೊತ್ತಾಗಲಿಲ್ಲವೇ?"

"ಒಂಬತ್ತಕ್ಕನ ಗೊತ್ತಾತು. ಡಬ್ಬಿ ಮುಟ್ಟದ ಮುಂದ ಹೋದಿ, ನಾ ನೋಡೀನಿ."

"ಮತ್ತೆ ಹೇಳಲಿಲ್ಲವಲ್ಲ?"

ಅತ್ತೆಯವರು ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದರು. "ಹೇಳಿದ್ರ ನೀ ಬ್ಯಾಳಿ ಇಡತಿದ್ದಿ" ಎಂದರು.